ಕಾಂಟೆಸಾ ಕಾರಿನ ಪುನರ್ನಿರ್ಮಾಣ

ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸಾ, ಭಾರತದ ಹವ್ಯಾಸಿಗಳು ಮನೆಯಂಗಳದಲ್ಲೇ ಬಿಚ್ಚಿ ಮತ್ತೆ ಕಟ್ಟುವ ಹಳೆಯ ಕಾರುಗಳಲ್ಲಿ ಮುಖ್ಯವಾದದ್ದು. ಉದ್ದನೆಯ ಬಾನೆಟ್, ನಾಲ್ಕು ಹೆಡ್‌ಲೈಟ್, ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುವ ರಚನೆ, ಇವುಗಳಿಂದಾಗಿ ಇದಕ್ಕೆ ‘ಭಾರತದ ಮಸಲ್ ಕಾರ್’ ಎಂಬ ಹೆಸರು ಬಿದ್ದಿದೆ. ಹೆಸರು ನೋಟಕ್ಕೆ ಒಪ್ಪುತ್ತದೆ, ಓಟಕ್ಕೆ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮಸಲ್ ಕಾರುಗಳ ಕಾಲವನ್ನು ತೆರೆದ 1964ರ ಪಾಂಟಿಯಾಕ್ ಜಿಟಿಒ ಕಾರಿಗೆ 6.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಇತ್ತು. ಕಾಂಟೆಸಾದ ಮೊದಲ ಮಾದರಿಗಳಿಗೆ ಇದ್ದದ್ದು ಅಂಬಾಸಿಡರಿನದೇ 1,489 ಸಿ.ಸಿ. ಎಂಜಿನ್, ಸುಮಾರು 50 ಅಶ್ವಶಕ್ತಿ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ 1970ರ ದಶಕದ ಕಾರೊಂದರ ಭಾರವಾದ ಬಾಡಿಯನ್ನು ಅದು ಏದುಸಿರು ಬಿಡುತ್ತಲೇ ಎಳೆಯುತ್ತಿತ್ತು. ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ಐದು ಗೇರುಗಳೊಂದಿಗೆ ಕಾಂಟೆಸಾ ಕ್ಲಾಸಿಕ್ ಬಂದ ಮೇಲೆ ಆ ಕೊರತೆ ಬಹುಮಟ್ಟಿಗೆ ನೀಗಿತು. ಡೀಸೆಲ್ ಮಾದರಿಗಳು ಆಮೇಲಿನವು.

ಎಂಜಿನ್ ಕೆಲಸವೇ ಕಷ್ಟವೆಂದು ಹೊಸಬರು ತಿಳಿಯುತ್ತಾರೆ. ಕಾಂಟೆಸಾದ ಮಟ್ಟಿಗೆ ಅದು ತಲೆಕೆಳಗು. 1,489 ಸಿ.ಸಿ. ಎಂಜಿನ್ ಅಂಬಾಸಿಡರಿನಲ್ಲೂ ದೀರ್ಘಕಾಲ ಬಳಕೆಯಲ್ಲಿತ್ತು. ಇಸುಜು ಎಂಜಿನ್ ಕೂಡ 1990ರ ದಶಕದಲ್ಲಿ ಅಂಬಾಸಿಡರಿಗೆ ಬಂತು. ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಹೀಗಾಗಿ ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್‌ಗಳು ಹುಡುಕಿದರೆ ಸಿಗುತ್ತವೆ, ಕೈಪಳಗಿದ ಮೇಸ್ತ್ರಿಗಳೂ ಉಳಿದಿದ್ದಾರೆ. ಸಿಗದಿರುವುದು ಕಾಂಟೆಸಾಕ್ಕೆ ಮಾತ್ರ ಇದ್ದ ವಸ್ತುಗಳು: ಮುಂದಿನ ಗ್ರಿಲ್, ಹಿಂದಿನ ಲೈಟುಗಳ ಗಾಜು, ಬಾಗಿಲ ಹಿಡಿಕೆ, ಗಾಜಿನ ಸುತ್ತಲ ರಬ್ಬರ್ ಬೀಡಿಂಗ್, ಬಾಡಿಯ ತಗಡುಗಳು. ಆದ್ದರಿಂದ ಇಲ್ಲಿ ಹೊಸದಾಗಿ ಭಾಗ ತಯಾರಿಸುವುದು ಬಹುಪಾಲು ಶೋಕಿಯಲ್ಲ, ಅನಿವಾರ್ಯ.

ಈ ದೃಷ್ಟಿಯಿಂದ ದಾವಣಗೆರೆ–ಹರಿಹರ ಸೀಮೆ ಅನುಕೂಲದ ಜಾಗ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆ ಹೆಸರಾದ ಲೇತ್ ಯಂತ್ರಗಳನ್ನು ತಯಾರಿಸಿತು. ಕಾರ್ಖಾನೆ ಮುಚ್ಚಿದರೂ ಅದರ ಲೇತ್‌ಗಳು ಹಳೆಯ ವರ್ಕ್‌ಶಾಪ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ದಾವಣಗೆರೆ ಹೆದ್ದಾರಿಯ ಊರು. ಲಾರಿ, ಟ್ರ್ಯಾಕ್ಟರ್ ರಿಪೇರಿಯ ಸುತ್ತ ಬೆಳೆದ ವೆಲ್ಡಿಂಗ್, ಪಾಟಾ, ರೇಡಿಯೇಟರ್ ಅಂಗಡಿಗಳಿಗೆ ಕೊರತೆಯಿಲ್ಲ. ಮೊದಲು ಹಳ್ಳಿಯಾಗಿದ್ದು ಈಗ ನಗರದೊಳಗೆ ಸೇರಿರುವ ಶಾಮನೂರಿನಂಥ ಕಡೆ ಕಾರೊಂದನ್ನು ತಿಂಗಳುಗಟ್ಟಲೆ ಬಿಚ್ಚಿಡುವಷ್ಟು ಅಂಗಳವಿರುವ ಮನೆ ಸಿಗುವುದೂ ಅಸಾಧ್ಯವಲ್ಲ. ಹವೆಯೂ ಸಹಾಯಕ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಜೊತೆಗೆ ಉಪ್ಪುಗಾಳಿ ಇರುವ ಮಂಗಳೂರಿನ ಕಾರಿಗಿಂತ 650 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುವ ದಾವಣಗೆರೆಯ ಕಾರಿನ ತಗಡು ಹೆಚ್ಚು ಕಾಲ ಬಾಳುತ್ತದೆ. ಕರಾವಳಿಯಿಂದ ಅಗ್ಗಕ್ಕೆ ತಂದ ಕಾಂಟೆಸಾ ಕೊನೆಗೆ ದುಬಾರಿಯಾಗುವುದು ಇದೇ ಕಾರಣಕ್ಕೆ.

ಕೊಳ್ಳುವ ಮೊದಲು ಆರ್.ಸಿ.ಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಕಾರಿನ ಮೇಲೆ ಕೆತ್ತಿದ ನಂಬರ್‌ಗಳೊಂದಿಗೆ ತಾಳೆ ನೋಡಬೇಕು. ತಾಳೆಯಾಗದ ಕಾರು ಎಷ್ಟೇ ಚೆಂದವಿದ್ದರೂ ಗುಜರಿಯೇ. ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷಕ್ಕೆ; ನಂತರ ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನವೀಕರಣ. ಕಾಂಟೆಸಾಗಳೆಲ್ಲ ಈ ಎರಡನೆಯ ಘಟ್ಟದಲ್ಲಿವೆ. ಬೇರೆ ಜಿಲ್ಲೆಯ ಕಾರಾದರೆ ಕೆಎ–17 ಸಂಖ್ಯೆಯ ದಾವಣಗೆರೆ ಆರ್.ಟಿ.ಒ. ಕಚೇರಿಯಲ್ಲಿ ವಿಳಾಸ ಬದಲಾವಣೆ, ಹೊರರಾಜ್ಯದ್ದಾದರೆ ಮೂಲ ಕಚೇರಿಯ ಎನ್.ಒ.ಸಿ. ಬೇಕು.

ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆದು, ಬೋಲ್ಟುಗಳನ್ನು ಚೀಟಿ ಅಂಟಿಸಿದ ಚೀಲಗಳಲ್ಲಿ ಇಡುವುದು ರೂಢಿ. ಮುರಿದ ರಬ್ಬರ್ ಚೂರನ್ನೂ ಎಸೆಯಬಾರದು. ಮುಂದೆ ಅದೇ ಅಳತೆಗೆ ಆಧಾರ.

ತಗಡಿನ ಕೆಲಸವೇ ಪುನರ್ನಿರ್ಮಾಣದ ತಿರುಳು. ಕಾಂಟೆಸಾಕ್ಕೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲುಗಳ ಕೆಳಗಿನ ಅಂಚುಪಟ್ಟಿ, ಕಾಲಿಡುವ ನೆಲ, ಚಕ್ರದ ಕಮಾನಿನ ಒಳಭಾಗ, ಬ್ಯಾಟರಿಯ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಮುಂದಿನ ಗಾಜಿನ ಬುಡ: ನೀರು ನಿಲ್ಲುವ ಈ ಜಾಗಗಳಲ್ಲಿ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡು ಉಳಿದಿರುವುದಿಲ್ಲ. ಅಂಚುಪಟ್ಟಿಯನ್ನು ಕತ್ತರಿಸುವ ಮೊದಲು ಬಾಡಿಗೆ ನಾಲ್ಕೂ ಕಡೆ ಊರೆ ಕೊಟ್ಟು, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಇಲ್ಲದಿದ್ದರೆ ಬಾಡಿ ನಡುವೆ ಕುಸಿದು ಬಾಗಿಲುಗಳು ಮತ್ತೆ ಕೂರುವುದಿಲ್ಲ. ಹೊರಮೈಗೆ 20 ಗೇಜ್, ನೆಲಕ್ಕೆ 18 ಗೇಜ್ ತಗಡು ಸಾಮಾನ್ಯವಾಗಿ ಸಾಕು. ಗ್ಯಾಸ್ ವೆಲ್ಡಿಂಗ್‌ನ ಶಾಖ ಅಗಲಕ್ಕೆ ಹರಡಿ ತೆಳು ತಗಡನ್ನು ಹಪ್ಪಳದಂತೆ ಸೊಟ್ಟಗಾಗಿಸುತ್ತದೆ. ಮಿಗ್ ವೆಲ್ಡಿಂಗ್‌ನಲ್ಲಿ ಒಂದೊಂದು ಚುಕ್ಕೆಯನ್ನು ದೂರದೂರ ಇಟ್ಟು, ತಣಿಯಲು ಬಿಟ್ಟು, ನಡುವಿನ ಜಾಗ ತುಂಬುವುದು ಸರಿಯಾದ ಕ್ರಮ. ಹಳೆ ತುಕ್ಕಿನ ಮೇಲೆ ಹೊಸ ತಗಡು ಹೊದಿಸಿ ಪುಟ್ಟಿ ಬಳಿಯುವ ‘ಟಿಂಕರಿಂಗ್’ ಎರಡು ಮಳೆಗಾಲ ತಡೆದರೆ ಹೆಚ್ಚು. ಪುಟ್ಟಿ ಮೂರು ಮಿಲಿಮೀಟರಿಗಿಂತ ದಪ್ಪವಾಯಿತೆಂದರೆ ತಗಡಿನ ಕೆಲಸ ಮುಗಿದಿಲ್ಲವೆಂದೇ ಅರ್ಥ. ಪೆಟ್ರೋಲ್ ಟ್ಯಾಂಕನ್ನು ಕೆಳಗಿಳಿಸಿ ದೂರವಿಡದೆ ವೆಲ್ಡಿಂಗ್ ಶುರುಮಾಡಕೂಡದು. ಖಾಲಿ ಟ್ಯಾಂಕಿನೊಳಗಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಲೇತ್‌ನಲ್ಲಿ ತಯಾರಾಗಬಹುದಾದವು ಬುಷ್, ಸ್ಪೇಸರ್, ಪುಲ್ಲಿ, ಹಿಂಜಿನ ಪಿನ್ನುಗಳಂಥವು. ರಬ್ಬರ್ ಬೀಡಿಂಗಿಗೆ ಬಸ್ ಬಾಡಿ ಕಟ್ಟುವವರಿಗೆ ಮಾಲು ಒದಗಿಸುವ ಅಂಗಡಿಗಳಲ್ಲಿ ಹಳೆಯ ಚೂರನ್ನು ತೋರಿಸಿ ಹತ್ತಿರದ ಅಳತೆಯದನ್ನು ಆರಿಸಬೇಕಾಗುತ್ತದೆ. ಆದರೆ ಸ್ಟೀರಿಂಗ್ ಮತ್ತು ಬ್ರೇಕಿನ ಭಾಗಗಳನ್ನು, ಚಕ್ರ ಹಿಡಿದಿರುವ ತೋಳುಗಳನ್ನು ಕಡಿದು ಬೆಸೆಯುವುದು ಸಲ್ಲದು. ಬಡಿದು ರೂಪಿಸಿದ ಉಕ್ಕು ವೆಲ್ಡಿಂಗ್ ಶಾಖದಲ್ಲಿ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ, ಬಿರುಕು ಕಣ್ಣಿಗೆ ಕಾಣುವುದೂ ಇಲ್ಲ.

ಹಳೆಯ 1,489 ಸಿ.ಸಿ. ಎಂಜಿನ್ ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. ದೇಶದಲ್ಲಿ ಆ ಪೆಟ್ರೋಲ್ 2000ದಲ್ಲಿ ನಿಂತಿತು. ವಾಲ್ವ್ ಕೂರುವ ಅಂಚು ಸವೆಯದಂತೆ ಕಾಯುತ್ತಿದ್ದದ್ದು ಆ ಸೀಸವೇ ಆದ್ದರಿಂದ, ಹೆಡ್ ಇಳಿಸಿದಾಗ ಎಕ್ಸಾಸ್ಟ್ ವಾಲ್ವ್‌ಗಳಿಗೆ ಗಟ್ಟಿ ಉಕ್ಕಿನ ಸೀಟ್ ಕೂರಿಸುವುದು ಒಳ್ಳೆಯದು. ಇನ್ನೊಂದು ತೊಡಕು ಹೊಸದು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಮಾರಂಭದಿಂದ ಆರಂಭವಾಗಿ ಈಗ ಎಲ್ಲ ಕಡೆ ಹಬ್ಬಿದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್‌ಗಳನ್ನು ಅದು ಮೆತ್ತಗಾಗಿಸುತ್ತದೆ; ಎಥನಾಲ್ ತಡೆಯುವ ಪೈಪುಗಳನ್ನೇ ಹಾಕಬೇಕು.

ಬಣ್ಣದ ಕೊನೆಯ ಹಂತವನ್ನು ಮನೆಯಲ್ಲಿ ಮಾಡದಿರುವುದೇ ಜಾಣತನ. ಬೇಸಿಗೆಯ ಗಾಳಿ ಧೂಳು ತರುತ್ತದೆ, ಮಳೆಗಾಲದ ತೇವ ಬಣ್ಣವನ್ನು ಮಂಕಾಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಈಗಿನ ಎರಡು ದ್ರವ ಬೆರೆಸುವ ಪಾಲಿಯುರಿಥೇನ್ ಬಣ್ಣದ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ವಿಷ. ಬಟ್ಟೆಯ ಮುಖಕವಚ ಅದನ್ನು ತಡೆಯದು. ಪ್ರೈಮರ್ ಬಳಿದು ಉಜ್ಜುವವರೆಗೆ ಮನೆಯಲ್ಲಿ ಮಾಡಿ, ಬಣ್ಣಕ್ಕೆ ಬೂತ್ ಇರುವ ಗ್ಯಾರೇಜಿಗೆ ಸಾಗಿಸುವವರು ಹೆಚ್ಚು.

ದೊಡ್ಡ ಎಂಜಿನ್ ಕೂರಿಸುವ ಆಸೆಗೆ ಕಾನೂನು ಅಡ್ಡಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡನ್ನು ನಿಷೇಧಿಸುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ಬಗೆಯ ಬೇರೆ ಎಂಜಿನ್ ಹಾಕಲು ಆರ್.ಟಿ.ಒ. ಅನುಮತಿ ಬೇಕು, ಬಣ್ಣ ಬದಲಾದರೂ ಆರ್.ಸಿ.ಯಲ್ಲಿ ದಾಖಲಾಗಬೇಕು. 2021ರ ನಿಯಮದಂತೆ 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದಿರುವ ವಾಹನಗಳಿಗೆ ‘ವಿ.ಎ.’ ಅಕ್ಷರಗಳ ವಿಂಟೇಜ್ ನೋಂದಣಿ ಸಿಗುತ್ತದೆ. ಮೊಟ್ಟಮೊದಲ ಕಾಂಟೆಸಾಗಳಿಗೂ ಆ ವಯಸ್ಸು ತುಂಬುವುದು 2034ರಲ್ಲಿ.