ಹೆಂಜೇರಪ್ಪನ ಊರಿಗೆ ಒಂದು ದಿನ

ನಾನು ಓದಿದ್ದು ಏಳನೇ ತರಗತಿ. ಹಗಲು ಬೇಸಾಯ, ರಾತ್ರಿ ಭಜನೆಮನೆಯಲ್ಲಿ ಪದ ಹೇಳೋದು, ಇಷ್ಟೇ ನನ್ನ ಕಸುಬು. ಚರಿತ್ರೆ ಬರೆಯುವಷ್ಟು ವಿದ್ಯೆ ನನಗಿಲ್ಲ. ಆದರೆ ನಲವತ್ತು ವರ್ಷ ಒಂದು ತಪ್ಪು ಮಾತನ್ನು ಊರೂರಿಗೆ ಹೇಳಿಕೊಂಡು ಬಂದೆ. ಅದನ್ನು ಒಪ್ಪಿಕೊಳ್ಳೋಣ ಅಂತ ಕೂತಿದ್ದೀನಿ.

ಹೇಮಾವತಿ ಸಿದ್ಧೇಶ್ವರನನ್ನು ನಮ್ಮ ಸೀಮೆಯಲ್ಲಿ ಹೆಂಜೇರಪ್ಪ ಅಂತೀವಿ. ಪದ ಶುರು ಮಾಡೋ ಮುಂಚೆ ನಾನು ಅವನ ಹೆಸರು ನೆನೀತೀನಿ. ಹೆಂಜೇರು ಅಂದ್ರೇನು ಅಂತ ಯಾರಾದ್ರೂ ಕೇಳಿದ್ರೆ, "ಹೆಂಚು ಸುಡೋ ಊರಪ್ಪ, ಅದಕ್ಕೇ ಹೆಂಜೇರು" ಅಂತ ಹೇಳಿಬಿಡ್ತಿದ್ದೆ. ಯಾರೂ ಅಲ್ಲ ಅನ್ನಲಿಲ್ಲ.

ಹೋದ ಬೇಸಿಗೇಲಿ ಮೊಮ್ಮಗ ರಜಕ್ಕೆ ಬಂದಿದ್ದ. ಹೊಲದಲ್ಲಿ ಕೆಲಸ ಇಲ್ಲ, ಮಳೆ ಬೀಳದೆ ಕಡಲೆಕಾಯಿ ಬೀಜ ಹಾಕೋ ಹಾಗಿಲ್ಲ. ಬೆಳಿಗ್ಗೆ ಬಿಸಿಲೇರೋ ಮುಂಚೆ ಅವನನ್ನು ಗಾಡಿ ಹಿಂದೆ ಕೂರಿಸಿಕೊಂಡು ಅಮರಾಪುರದ ಕಡೆಯಿಂದ ಹೇಮಾವತಿಗೆ ಹೊರಟೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಕ್ಯಾನು ನೀರು. ದೂರದ ಪ್ರವಾಸ ಏನಲ್ಲ, ಸಂಜೆ ದನ ಕಟ್ಟೋ ಹೊತ್ತಿಗೆ ವಾಪಸ್ ಬರೋ ದಾರಿ.

ಮೊದಲು ಸಿದ್ಧೇಶ್ವರನ ಗುಡಿಗೆ ಹೋದ್ವಿ. ಬೇರೆ ಶಿವನ ಗುಡಿಯಲ್ಲಿ ಲಿಂಗ ಇರುತ್ತೆ. ಇಲ್ಲಿ ಶಿವ ಮನುಷ್ಯರೂಪದಲ್ಲಿ ಕೂತಿದ್ದಾನೆ. ಹುಡುಗನಿಗೆ ಅದೇ ಆಶ್ಚರ್ಯ. ಆಮೇಲೆ ದೊಡ್ಡೇಶ್ವರನ ಗುಡಿ. ಮುಂದೆ ಮಲಗಿರೋ ಬಸವಣ್ಣನ ಮೈ ಕೈಯಾಡಿಸಿದ್ರೆ ಎಣ್ಣೆ ಸವರಿದಂಗೆ ಜಾರುತ್ತೆ. ಗೋಡೇಲಿ ಕಲ್ಲನ್ನೇ ಬಳ್ಳಿ ಥರ ಕೊರೆದು ಕಿಟಕಿ ಮಾಡಿದ್ದಾರೆ, ಬಳ್ಳಿ ನಡುವೆ ದೇವತೆಗಳು, ಅದರೊಳಗಿಂದ ಬೆಳಕು.

ಅಲ್ಲಿ ತುಮಕೂರು ಕಡೆಯಿಂದ ಬಂದಿದ್ದ ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕಿದ್ರು. ನನ್ನ ಹೆಂಚಿನ ಕಥೆ ಕೇಳಿ ನಕ್ಕರು. "ಯಜಮಾನ್ರೇ, ಹೆಂಜೇರು ಅನ್ನೋದೇ ಈ ಊರಿನ ಹಳೇ ಹೆಸರು. ಪೆಂಜೇರು ಅಂತಲೂ ಇತ್ತು. ಹಳಗನ್ನಡದ ಪಕಾರ ಹಕಾರ ಆಯ್ತು, ಪಾಲು ಹಾಲಾಯ್ತಲ್ಲ ಹಂಗೆ. ಇದು ನೊಳಂಬ ಅರಸರ ರಾಜಧಾನಿ" ಅಂದ್ರು. ನನಗೆ ನಾಚಿಕೆ ಆಯ್ತು. ದೇವರ ಹೆಸರಿನಲ್ಲೇ ರಾಜಧಾನಿ ಇತ್ತು, ನಾನು ಅದನ್ನ ಹೆಂಚಿನ ಗೂಡು ಮಾಡಿದ್ದೆ.

ಊರಿಗೆ ಬಂದ ಮೇಲೆ ವಾಚನಾಲಯದಲ್ಲಿ ಪುಸ್ತಕ ತೆಗೆಸಿ ಓದಿದೆ, ತಿಳಿಯದ ಕಡೆ ಶಾಲೆ ಮೇಷ್ಟ್ರನ್ನ ಕೇಳಿದೆ. ನೊಳಂಬರು ತಾವು ಪಲ್ಲವ ವಂಶದವರು ಅಂತ ಹೇಳಿಕೊಂಡವರು. ಅವರ ನಾಡು ನೊಳಂಬವಾಡಿ ಮೂವತ್ತೆರಡು ಸಾವಿರ. ಈಗಿನ ಅನಂತಪುರ, ತುಮಕೂರು, ಚಿತ್ರದುರ್ಗ, ಕೋಲಾರದ ಸೀಮೆಗಳಲ್ಲಿ ಅದು ಹರಡಿತ್ತು. ಮಹೇಂದ್ರ, ಅಯ್ಯಪದೇವ ಅವರಲ್ಲಿ ಹೆಸರಾದ ದೊರೆಗಳು. ತಿಪಟೂರು ತಾಲೂಕಿನ ಅರಳಗುಪ್ಪೆ ಕಲ್ಲೇಶ್ವರನ ಗುಡಿಯೂ ಅವರ ಕಾಲದ್ದೇ. ಹತ್ತನೇ ಶತಮಾನದ ಕೊನೇಲಿ ಗಂಗರ ಮಾರಸಿಂಹ ಇವರನ್ನು ಸೋಲಿಸಿ "ನೊಳಂಬಕುಲಾಂತಕ" ಅಂತ ಬಿರುದು ಹಾಕಿಕೊಂಡ. ಆದರೆ ಕುಲ ಅಳೀತೇ? ನಮ್ಮ ನಡುವೆ ಇರೋ ನೊಣಬ ಒಕ್ಕಲಿಗರ ಹೆಸರಿನೊಳಗೆ ನೊಳಂಬ ಇನ್ನೂ ಕೂತಿದ್ದಾನೆ.

ಆಮೇಲೆ ಚೋಳರು ಬಂದ್ರು. ತಂಜಾವೂರು ಸೀಮೆಯ ತಿರುವೈಯಾರಿನ ಗುಡೀಲಿ ನೊಳಂಬರ ಕೆತ್ತನೆಯ ಕಂಬಗಳು ಇವತ್ತೂ ನಿಂತಿವೆ. ಗೆದ್ದವರು ಹೊತ್ತುಕೊಂಡು ಹೋದ ಕಂಬಗಳು ಅಂತ ಬಲ್ಲವರು ಹೇಳ್ತಾರೆ. ಲಾರಿ ಇಲ್ಲದ ಕಾಲ. ಎಷ್ಟು ಎತ್ತು ಎಳೆದವೋ! ಕಾಳು ಕದ್ದರೆ ತಿಂದು ಮುಗಿಸ್ತಾರೆ, ಕಂಬ ಒಯ್ದವರು ಅದನ್ನೂ ಗುಡಿಗೇ ನಿಲ್ಲಿಸಿದ್ರು. ನಮ್ಮ ಕಲ್ಕುಟಿಗನ ಕೈಗೆ ಶತ್ರುವೂ ಮನಸೋತ ಅಂತ ನಾನು ಸಮಾಧಾನ ಮಾಡಿಕೊಂಡೆ. ಇಲ್ಲಿಂದ ಹೋದ ಕೆಲವು ಶಿಲ್ಪಗಳು ಮದ್ರಾಸಿನ ಮ್ಯೂಸಿಯಮ್ಮಿನಲ್ಲೂ ಇವೆ.

ಈಗ ಒಂದು ಮನೆಯ ಮಾತು. ಗುಡಿಯ ಶಾಸನ ನೋಡ್ತಾ ಮೊಮ್ಮಗನಿಗೆ "ಓದೋ" ಅಂದೆ. "ತಾತ, ನಂಗೆ ಕನ್ನಡ ಬರಲ್ಲ" ಅಂದ. ಅವನು ಓದ್ತಿರೋದು ತೆಲುಗಿನಲ್ಲಿ. ತಪ್ಪು ಅವನದಲ್ಲ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯ್ತು, ಮಡಕಶಿರಾ ಇಲ್ಲೇ ಉಳೀತು. ಸುತ್ತ ಮೂರು ಕಡೆ ಕರ್ನಾಟಕ, ಮನೆಮಾತು ಕನ್ನಡ, ಕಾಗದಪತ್ರ ತೆಲುಗು. 2022ರಲ್ಲಿ ಜಿಲ್ಲೆಯ ಹೆಸರೂ ಬದಲಾಗಿ ಶ್ರೀ ಸತ್ಯಸಾಯಿ ಆಯ್ತು. ತೆಲುಗೂ ನಮಗೆ ಅನ್ನ ಕೊಡೋ ಭಾಷೆ, ಬೈಯೋದಿಲ್ಲ. ಆದರೂ ಹೊಟ್ಟೇಲಿ ಚುರುಕ್ ಅಂತು. ಯಾಕಂದ್ರೆ ನನಗೂ ಆ ಶಾಸನ ಓದೋಕೆ ಬರಲಿಲ್ಲ!

ಆಗ ಮೇಷ್ಟ್ರು ಇನ್ನೊಂದು ಮಾತು ಹೇಳಿದ್ರು. ಆ ಕಾಲಕ್ಕೆ ಕನ್ನಡಕ್ಕೂ ತೆಲುಗಿಗೂ ಲಿಪಿ ಒಂದೇ, ಬೇರೆ ಆಗಿದ್ದು ಆಮೇಲೆ. ಸರಿ, ಇಬ್ಬರೂ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತ್ವಿ. ನನ್ನ ಕನ್ನಡದಿಂದ ನಾಲ್ಕು ಅಕ್ಷರ, ಅವನ ತೆಲುಗಿನಿಂದ ಮೂರು ಅಕ್ಷರ ಗುರುತಿಗೆ ಬಂದವು. ಒಂದು ಪದವೂ ಪೂರಾ ಆಗಲಿಲ್ಲ. ಆದರೆ ಬಿಸಿಲು ನೆತ್ತಿಗೆ ಬಂದಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಅವತ್ತಿಂದ ರಜ ಮುಗಿಯೋವರೆಗೂ ಸಂಜೆ ಇದೇ ವಾಚನಾಲಯದ ಜಗಲಿ ಮೇಲೆ ನಾನು ಅವನಿಗೆ ಕನ್ನಡ ಅಕ್ಷರ ಹೇಳಿಕೊಟ್ಟೆ, ಅವನು ನನಗೆ ತೆಲುಗು ತಿದ್ದಿಸಿದ. ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ದೂರದ ಊರಿಗೆ ಬಸ್ಸು ಮಾಡೋ ಮುಂಚೆ ಮಕ್ಕಳನ್ನ ಒಂದು ದಿನ ಹೇಮಾವತಿಗೆ ಕರಕೊಂಡು ಹೋಗಿ. ರೊಟ್ಟಿ ಕಟ್ಟಿಕೊಂಡು ನಾನೂ ಬರ್ತೀನಿ. ಹೆಂಚಿನ ಕಥೆ ಮಾತ್ರ ಇನ್ನು ಹೇಳೋದಿಲ್ಲ.