ಜಕ್ಕಿಯಬ್ಬೆ ಒಪ್ಪಿಸಿಹೋದ ಹೊಣೆ

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯಿಂದಾಗಿ ಜಗತ್ತಿಗೆಲ್ಲ ತಿಳಿಯಿತು. ಆದರೆ ಸೊರಬ-ಶಿಕಾರಿಪುರಗಳ ಈ ಸೀಮೆಗೆ ಅದಕ್ಕಿಂತ ಸಾವಿರ ವರ್ಷ ಹಿಂದಿನ, ಜೈನ ಸಮಾಜವು ನೆನೆಯಬೇಕಾದ ಇತಿಹಾಸವೊಂದಿದೆ.

ರಾಷ್ಟ್ರಕೂಟ ಚಕ್ರವರ್ತಿ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಂಡಾಗ, ಆ ಪದವಿಯು ಅವನ ಪತ್ನಿ ಜಕ್ಕಿಯಬ್ಬೆಗೆ ಸಂದಿತು. ಆಕೆ ಆಡಳಿತದಲ್ಲಿ ಸಮರ್ಥೆ, ಜಿನಶಾಸನದಲ್ಲಿ ಭಕ್ತೆ ಎಂದು ಬಂದಳಿಕೆಯ ಶಾಸನವು ಕೊಂಡಾಡುತ್ತದೆ. ದೇಹವು ರೋಗದಿಂದ ಕುಂದಿದಾಗ ಆಕೆ ಮಗಳನ್ನು ಕರೆಸಿ, ತನ್ನ ಅಧೀನದಲ್ಲಿದ್ದುದನ್ನು ಆಕೆಗೆ ಒಪ್ಪಿಸಿ, ಕ್ರಿ.ಶ. 918ರಲ್ಲಿ ಬಂದಣಿಕೆಯ ಬಸದಿಯಲ್ಲಿ ವ್ರತವಿಡಿದು ದೇಹತ್ಯಾಗ ಮಾಡಿದಳು. ಮೋಹವನ್ನು ಬಿಡುವ ಮುನ್ನ ಹೊಣೆಯನ್ನು ಸಲ್ಲಬೇಕಾದವರಿಗೆ ಸಲ್ಲಿಸಿದ ಈ ಕ್ರಮವು ಮನನಯೋಗ್ಯವಾದುದು.

ಮುಂದೆ ಇದೇ ಸೀಮೆಯ ಬಳ್ಳಿಗಾವೆ ದೊಡ್ಡ ಪಟ್ಟಣವಾಗಿ ಬೆಳೆಯಿತು. ಆ ಕಾಲದ ವರ್ತಕ ಸಂಘಗಳಲ್ಲಿ ಅಯ್ಯಾವೊಳೆ ಐನೂರ್ವರು ಪ್ರಸಿದ್ಧರು. ಅವರ 1088ರ ತಮಿಳು ಶಾಸನವೊಂದು ಸುಮಾತ್ರಾದ ಬರೂಸ್‌ನಲ್ಲಿ ದೊರೆತಿದೆ. ದಾರಿ, ಸರಕು, ತೂಕ, ನಂಬಿಕಸ್ಥರ ಪರಿಚಯ ಇವು ಒಬ್ಬರಿಂದೊಬ್ಬರಿಗೆ ದಾಟದೆ ಅಷ್ಟು ದೂರದ ವ್ಯಾಪಾರ ನಡೆಯುವುದು ಸಾಧ್ಯವೇ?

ಇಂದಿನ ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸವು ಮಾನವ ಸಂಪನ್ಮೂಲ ವಿಭಾಗದ ಪಾಲಿಗೆ ಬಂದಿದೆ. ತಿಳಿದದ್ದನ್ನು ಹೇಳಿಕೊಟ್ಟರೆ ತನ್ನ ಸ್ಥಾನವೇ ಹೋದೀತೆಂಬ ಭಯದಿಂದ ನೌಕರನು ಬಾಯಿ ಬಿಡುವುದಿಲ್ಲ. ಆ ಭಯವನ್ನು ನೀಗಿಸಿ, ಕಲಿಸುವವನಿಗೆ ಗೌರವವನ್ನೂ ಕಲಿಯುವವನಿಗೆ ಅವಕಾಶವನ್ನೂ ಕೊಡುವುದೇ ಆ ವಿಭಾಗದ ನಿಜವಾದ ಕರ್ತವ್ಯ. ಯಂತ್ರದಲ್ಲಿ ಮಾಹಿತಿಯನ್ನು ತುಂಬಿಟ್ಟರಷ್ಟೇ ಸಾಲದು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ನಿಹ್ನವ, ಮಾತ್ಸರ್ಯಗಳನ್ನೂ ಎಣಿಸುತ್ತದೆ. ತಿಳಿದದ್ದನ್ನು ಮರೆಮಾಚುವುದು ನಿಹ್ನವ. ಹೊಟ್ಟೆಕಿಚ್ಚಿನಿಂದ ಹೇಳಿಕೊಡದಿರುವುದು ಮಾತ್ಸರ್ಯ. ಹಣದಂತೆ ತಿಳಿವಳಿಕೆಯನ್ನು ಕೂಡಿಟ್ಟುಕೊಳ್ಳುವುದೂ ಪರಿಗ್ರಹವೇ ಅಲ್ಲವೇ?

ನಮ್ಮ ಅಂಗಡಿಗಳಲ್ಲಿ, ಬಸದಿಯ ಟ್ರಸ್ಟುಗಳಲ್ಲಿ ಜಮೀನಿನ ದಾಖಲೆ ಎಲ್ಲಿದೆ, ಯಾವ ದತ್ತಿ ಯಾವ ಪೂಜೆಗೆ ಎಂಬುದು ಒಬ್ಬ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದಿರುವುದುಂಟು. ಅವರೊಂದಿಗೆ ಅದೂ ಅಳಿದರೆ ದೋಷ ಯಾರದು? ಹಿರಿಯರು ಕೈಕಾಲು ಗಟ್ಟಿಯಿರುವಾಗಲೇ ಕಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ತೋರಿಸಲಿ. ಕೇಳಿದ್ದನ್ನು ಕಿರಿಯರು ಬರೆದಿಡಲಿ. ಮಗಳನ್ನು ಕರೆಸಿದ ಜಕ್ಕಿಯಬ್ಬೆ ನಮಗೆ ಹೇಳುವುದು ಇದನ್ನೇ.