ತಾಲೀಮಿಲ್ಲದ ಶಾಲಾ ನಾಟಕ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕು, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳೊಂದಿಗೆ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಸೀಮೆಗೆ ನಾಟಕದ ಹುಚ್ಚು ಹೊಸದಲ್ಲ. ಹಬ್ಬಕ್ಕೋ ಜಾತ್ರೆಗೋ ರಾತ್ರಿಯಿಡೀ ಪೌರಾಣಿಕ ನಾಟಕ ಆಡುವ ಊರುಗಳು ಇವತ್ತಿಗೂ ಇವೆ. ಹಾಗಿದ್ದೂ ಹೈಸ್ಕೂಲಿನ ವಾರ್ಷಿಕೋತ್ಸವದ ನಾಟಕ ಮಕ್ಕಳಿಗೆ ಎಷ್ಟೋ ಸಲ ನಿರಾಸೆಯನ್ನೇ ಉಳಿಸುತ್ತ ಬಂದಿದೆ. ಬಯಸಿದ ಪಾತ್ರ ಕೈತಪ್ಪುತ್ತದೆ, ಬಾಯಿಪಾಠದ ಮಾತು ಮರೆತುಹೋಗುತ್ತದೆ, ಭಾಷಣ ಮತ್ತು ಬಹುಮಾನ ವಿತರಣೆ ಮುಗಿಯುವಷ್ಟರಲ್ಲಿ ಹೊತ್ತಾಗಿ ನಾಟಕವೇ ಮೊಟಕಾಗುತ್ತದೆ. ಮಕ್ಕಳಿಗೆ ಕಲೆ ಒಲಿದಿಲ್ಲ, ಶಾಲೆಯಲ್ಲಿ ದುಡ್ಡಿಲ್ಲ ಎಂದು ಕಾರಣ ಹೇಳುವುದು ರೂಢಿ. ನನಗೆ ಕಾಣುವ ಕಾರಣ ಬೇರೆ. ನಮ್ಮ ಶಾಲೆಗಳು ಕಂಪನಿ ನಾಟಕದ ವೇಷ, ಪರದೆ, ನಾಯಕ ಪಾತ್ರದ ಮೋಹ ಇವನ್ನೆಲ್ಲ ಎತ್ತಿಕೊಂಡವು, ಅದರ ತಾಲೀಮನ್ನು ಮಾತ್ರ ಬಿಟ್ಟುಬಿಟ್ಟವು.

ತುಮಕೂರು ಜಿಲ್ಲೆಯದೇ ಆದ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಗುಬ್ಬಿ ವೀರಣ್ಣನವರು ಸೇರಿದ್ದು ಬಾಲನಟನಾಗಿ. 1917ರಲ್ಲಿ ಅವರೇ ಅದರ ಒಡೆಯರಾದರು. 1934ರಲ್ಲಿ ಆ ಕಂಪನಿ ರಂಗಕ್ಕೆ ತಂದ, ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳೇ ವೇದಿಕೆ ಏರಿದವು. ಆ ವೈಭವದ ನೆನಪನ್ನು ಹಳ್ಳಿಗಳು ತಮ್ಮ ಕೈಗೆಟುಕುವ ಮಟ್ಟಿಗೆ ಒಗ್ಗಿಸಿಕೊಂಡವು. ಬಾಡಿಗೆ ಸೀನರಿ, ಬಾಡಿಗೆ ಕಿರೀಟ ನೋಡಿ ಇದು ಬರೀ ಅನುಕರಣೆ ಎನ್ನುವವರು ಅದರ ಹಿಂದಿನ ಶ್ರಮವನ್ನು ಗಮನಿಸಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಊರಿನಲ್ಲೇ ಕೂತು, ಹೊಲದಿಂದ ಬಂದವರಿಗೆ ಕಂದಪದ್ಯ ಬಾಯಿಪಾಠ ಮಾಡಿಸುತ್ತಾರೆ. ಒಬ್ಬನ ದನಿ ಮೇಲಿನ ಶ್ರುತಿಗೆ ಏರದಿದ್ದರೆ ಶ್ರುತಿಯನ್ನೇ ಇಳಿಸಿ ಹಾಡಿಸುತ್ತಾರೆ. ಪಾತ್ರಕ್ಕೆ ತಕ್ಕಂತೆ ವಂತಿಗೆ ಇರುತ್ತದೆ. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಈ ಪದ್ಧತಿ ಬಡವನಿಗೆ ಅನ್ಯಾಯ ಮಾಡುತ್ತದೆ ಎಂಬುದು ನಿಜ. ಆದರೆ ಈ ವರ್ಷ ಸೈನಿಕನಾದವನು ಹತ್ತು ವರ್ಷದ ಮೇಲಾದರೂ ಅರ್ಜುನನಾಗಬಹುದು. ಎಂಟರಿಂದ ಹತ್ತನೇ ತರಗತಿವರೆಗಿನ ಮೂರೇ ವರ್ಷ ಕೈಯಲ್ಲಿರುವ ಹುಡುಗನಿಗೆ ಅಂಥ ಎರಡನೇ ಸರದಿ ಬರುವುದು ಅಪರೂಪ.

ಶಾಲೆಯಲ್ಲಿ ಅಭ್ಯಾಸಕ್ಕೆ ಸಿಗುವುದು ಕೆಲವೇ ದಿನ, ಅದೂ ಸಂಜೆಯ ಬೆಲ್ ಆದಮೇಲಿನ ಹೊತ್ತು. ನಡುವೆ ನೆಟ್ಟ ಒಂದು ಮೈಕಿನ ಮುಂದೆ ಬಂದು ಮಾತು ಒಪ್ಪಿಸಿ ಹಿಂದೆ ಸರಿಯಬೇಕು. ಅಂಚಿನಲ್ಲಿ ನಿಂತವರ ದನಿ ಮೂರನೇ ಸಾಲಿಗೂ ತಲುಪುವುದಿಲ್ಲ. ಸಾಲದ್ದಕ್ಕೆ ಹೈಸ್ಕೂಲಿನ ವಯಸ್ಸಿಗೇ ಹುಡುಗರ ಗಂಟಲು ಒಡೆಯುತ್ತದೆ. ಹೋದ ವರ್ಷ ಸಲೀಸಾಗಿ ಏರುತ್ತಿದ್ದ ಹಾಡು ಈ ವರ್ಷ ರಂಗದ ಮೇಲೆ ಕೈಕೊಡುತ್ತದೆ, ಊರೆಲ್ಲ ನಗುತ್ತದೆ. ತಿಂಗಳ ತಾಲೀಮಿದ್ದಿದ್ದರೆ ಮೇಷ್ಟ್ರು ಮೊದಲ ವಾರವೇ ಅದನ್ನು ಗುರುತಿಸಿ ಹಾಡನ್ನು ಮಾತಾಗಿಸುತ್ತಿದ್ದರು. ಇದನ್ನು ಆ ಹುಡುಗನ ಸೋಲೆಂದು ಕರೆಯುವುದು ದೊಡ್ಡವರ ಅನ್ಯಾಯ.

ಶಾಲೆಯ ರಂಗದಿಂದಲೇ ದೊಡ್ಡ ಕಲಾವಿದರು ಬಂದಿಲ್ಲವೇ ಎಂದು ಕೇಳಬಹುದು. ಬಂದಿದ್ದಾರೆ. ಬಿ.ವಿ. ಕಾರಂತರು ಮೂರನೇ ತರಗತಿಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಪಾತ್ರ ಮಾಡಿದ್ದರು, ಆಮೇಲೆ ಮನೆ ಬಿಟ್ಟು ಸೇರಿದ್ದು ಗುಬ್ಬಿ ಕಂಪನಿಯನ್ನು. ಆದರೆ ಈ ಉದಾಹರಣೆ ನನ್ನ ಮಾತನ್ನೇ ಗಟ್ಟಿಮಾಡುತ್ತದೆ. ‘ನನ್ನ ಗೋಪಾಲ’ ಮಕ್ಕಳಿಗೆಂದೇ ಬರೆದ ನಾಟಕ. ಗದೆ ಹೊತ್ತು ದೊಡ್ಡವರಂತೆ ಗರ್ಜಿಸುವ ಹೊರೆಯನ್ನು ಅದು ಮಕ್ಕಳ ಮೇಲೆ ಹೇರುವುದಿಲ್ಲ. ನಾಟಕ ಪಿ.ಕೆ. ನಾರಾಯಣ ಅವರ ನಿರ್ದೇಶನದಲ್ಲಿ ನಡೆಯಿತು. ಅಂದರೆ ಆ ಮಕ್ಕಳ ಬೆನ್ನಿಗೆ ರಂಗ ಬಲ್ಲವರೊಬ್ಬರು ನಿಂತಿದ್ದರು.

ಎಸ್‌ಎಸ್‌ಎಲ್‌ಸಿ ಫಲಿತಾಂಶವೇ ಶಾಲೆಯ ಮಾನವಾಗಿರುವಾಗ ನಾಟಕಕ್ಕೆ ಹೊತ್ತೆಲ್ಲಿ ಎಂಬ ಇನ್ನೊಂದು ಆಕ್ಷೇಪ ಹಗುರವಾದದ್ದಲ್ಲ. ಶಿಕ್ಷಕರ ಮೇಲಿನ ಒತ್ತಡ ನಿಜ. ಆದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ರಂಗಕಲೆಯನ್ನೂ ಕಲಿಕೆಯ ಭಾಗವೆಂದೇ ಹೇಳಿದೆ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳು ತಾಲೀಮಿನ ಕೊರತೆಯನ್ನು ತುಂಬುವುದಿಲ್ಲ. ಬಹುಮಾನಕ್ಕೆ ಮಕ್ಕಳನ್ನು ಆರಿಸುವಾಗ ಮೊದಲು ಹೊರಗುಳಿಯುವವರು ಇನ್ನೂ ಕಲಿಯಬೇಕಾದವರೇ.

ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವರು ಹೆಣ್ಣುಮಕ್ಕಳು. ಹಳ್ಳಿಯ ಪೌರಾಣಿಕ ನಾಟಕದಲ್ಲಿ ದ್ರೌಪದಿಯ ಪಾತ್ರಕ್ಕೆ ಸಂಭಾವನೆ ಕೊಟ್ಟು ಹೊರಗಿನ ವೃತ್ತಿ ಕಲಾವಿದೆಯನ್ನು ಕರೆಸುವುದು ವಾಡಿಕೆ. ಊರಿನ ಗಂಡಸು ಐವತ್ತರಲ್ಲೂ ಬಣ್ಣ ಹಚ್ಚಬಲ್ಲ, ಊರಿನ ಹುಡುಗಿಗೆ ಶಾಲೆಯ ವೇದಿಕೆ ಬಿಟ್ಟರೆ ಇನ್ನೊಂದಿಲ್ಲ. ಅಲ್ಲೂ ಅವಳನ್ನು ಸಿನಿಮಾ ಹಾಡಿನ ಕುಣಿತಕ್ಕೆ ಕಳಿಸಿ ಮಾತಿನ ಪಾತ್ರವನ್ನು ಹುಡುಗರಿಗೆ ಹಂಚಿದರೆ ಅವಳ ರಂಗಜೀವನ ಹದಿನೈದಕ್ಕೇ ಮುಗಿದಂತೆ. ಇದನ್ನೆಲ್ಲ ಸರಿಪಡಿಸಲು ತಾಲೀಮು ಕೊಡಬಲ್ಲವರು ಬೇಕು. ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನು ನೇಮಿಸಿದ್ದುಂಟು. ಇಡೀ ರಾಜ್ಯಕ್ಕೆ ಆ ಸಂಖ್ಯೆ ಏನೇನೂ ಸಾಲದು. ಹೋಬಳಿಗೊಬ್ಬರಂತೆ ಸಿಕ್ಕರೂ, ದಸರಾ ರಜೆ ಮುಗಿದ ಕೂಡಲೇ ತಾಲೀಮು ಹಿಡಿದರೆ, ಡಿಸೆಂಬರಿನ ವಾರ್ಷಿಕೋತ್ಸವಕ್ಕೆ ಮಕ್ಕಳ ಕೈಗೆ ಸುಮಾರು ಎರಡು ತಿಂಗಳು ಸಿಗುತ್ತದೆ.